ನೀಲಿ ಪರದೆಯ ಮೂಲ ಎಲ್ಲಿದೆ?

ಪ್ರಶ್ನೆ: ಮನೆಯ ವಿಂಡೋಸ್ 10 ಕಂಪ್ಯೂಟರ್ ಆಗಾಗ ನೀಲಿ ಪರದೆ ತೋರಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ರಿಪೇರಿಯವರು ಹಾರ್ಡ್ ಡಿಸ್ಕ್ ಬದಲಿಸಬೇಕೆನ್ನುತ್ತಾರೆ. ಏನು ಮಾಡಲಿ?

ಉತ್ತರ: ಹಣ ಕೊಡುವ ಮೊದಲು ದಯವಿಟ್ಟು ಕಂಪ್ಯೂಟರಿನಲ್ಲೇ ಇರುವ ಪರೀಕ್ಷೆಗಳನ್ನು ನಡೆಸಿ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ತೆರೆದುಕೊಳ್ಳುವ ನಕ್ಷೆಯಲ್ಲಿ, ಯಂತ್ರ ಕೈಕೊಟ್ಟ ದಿನಗಳಿಗೆಲ್ಲ ಕೆಂಪು ಗುರುತು ಬಿದ್ದಿರುತ್ತದೆ. ಹೊಸ ಡ್ರೈವರ್ (ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಹಾಕಿಕೊಂಡ ಮರುದಿನದಿಂದಲೇ ಆ ಗುರುತುಗಳು ಶುರುವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನೇ. ಹಾಗಿಲ್ಲದಿದ್ದರೆ, ತೆರೆದಿಟ್ಟ ಕಡತಗಳನ್ನು ಉಳಿಸಿಕೊಂಡು, ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ನಡೆಸಿ. ಅದು ರೀಸ್ಟಾರ್ಟ್ ಆದ ಮೇಲೆ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿ ಮಾಹಿತಿ ಬರೆದು, ಮತ್ತೆ ಓದಿ, ಎರಡೂ ಹೊಂದುತ್ತವೆಯೇ ಎಂದು ಹೋಲಿಸುತ್ತದೆ. ದೋಷ ಕಂಡರೆ, ವಿದ್ಯುತ್ ಸಂಪರ್ಕ ತೆಗೆದು, ಎರಡು ರ‍್ಯಾಮ್‌ಗಳಿದ್ದಲ್ಲಿ ಒಂದೊಂದನ್ನೇ ಇಟ್ಟು ಪುನಃ ಪರೀಕ್ಷಿಸಿ. ಡಿಸ್ಕಿನ ವಿಷಯ ಏನೇ ಇರಲಿ, ಮನೆಯವರ ಫೋಟೋಗಳನ್ನು ಇಂದೇ ಬೇರೆಡೆ ನಕಲು ಮಾಡಿಕೊಳ್ಳಿ.