ಡಾಕ್ಟರಮ್ಮನ ಟಪಾಲು: ಗುರುವಾರಕ್ಕೊಮ್ಮೆ ಸಿಗುವ ಗುರು

ಪ್ರಶ್ನೆ: ನಾನು ಹಾವೇರಿ ಕಡೆಯವನು, ವಯಸ್ಸು 27. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಪುಣೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಟಿಬಿ ಪ್ರಾಜೆಕ್ಟ್‌ನಲ್ಲಿದ್ದೇನೆ. ದುಡ್ಡು ಹೊರದೇಶದ್ದು. ಪ್ರತಿ ಗುರುವಾರ ಸಂಜೆ ಅಲ್ಲಿಯ ಆಫೀಸಿನವರ ಜೊತೆ ಕಾಲ್. ಎರಡು ವರ್ಷದಲ್ಲಿ ಮೂವರು ಮ್ಯಾನೇಜರ್ ಬದಲಾದರು. ಅರ್ಧಕ್ಕೇ ಮಾತ್ರೆ ಬಿಟ್ಟವರು ಯಾಕೆ ಜಾಸ್ತಿ ಆಗುತ್ತಿದ್ದಾರೆ ಅಂತ ಅವರು ಕೇಳುತ್ತಾರೆ. ನಾನು ಚಾರ್ಟ್ ತೋರಿಸುತ್ತೇನೆ. ಮುಂದಿನ ವಾರ ಮತ್ತೆ ಅದೇ. ‘ನಿನಗೊಬ್ಬ ಒಳ್ಳೆ ಮೆಂಟರ್ ಬೇಕು’ ಅಂತ ಸ್ನೇಹಿತರು ಹೇಳುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಹನ್ನೊಂದು ಜನ ದೊಡ್ಡವರಿಗೆ ಬರೆದೆ. ಒಬ್ಬರು ಹೆಬ್ಬೆಟ್ಟಿನ ಚಿತ್ರ ಕಳಿಸಿದರು, ಅಷ್ಟೇ. ನಿಜಕ್ಕೂ ಮೆಂಟರ್ ಬೇಕಾ ಮೇಡಂ? ಎಲ್ಲಿ ಸಿಗುತ್ತಾರೆ?
– ಎಸ್., ಪುಣೆ

ಉತ್ತರ: ಬೇಕು. ಆದರೆ ನೀವು ಬರೆದ ಹನ್ನೊಂದು ಜನರಲ್ಲಿ ಯಾರೂ ಅಲ್ಲ ಅಂತ ನನ್ನ ಅನುಮಾನ.

ನನ್ನ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮುಂಬೈಯಲ್ಲಿ ಟಿಬಿ ಕೆಲಸಕ್ಕೆ ಸೇರಿದ್ದೆ. ಆಗಿನ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಬ್ಬ ರೋಗಿಗೆ ಒಂದು ಡಬ್ಬ. ಹೊಸಬರಿಗೆ ಕೆಂಪು, ಎರಡನೇ ಸಲ ಬಂದವರಿಗೆ ನೀಲಿ. ವಾರಕ್ಕೆ ಮೂರು ದಿನ ಸೆಂಟರಿಗೆ ಬಂದು ನಮ್ಮೆದುರೇ ಮಾತ್ರೆ ನುಂಗಬೇಕು. ಬಾರದವರನ್ನು ‘ಡಿಫಾಲ್ಟರ್’ ಅಂತ ಬರೆಯುತ್ತಿದ್ದೆವು, ಬ್ಯಾಂಕಿನ ಸಾಲ ಮುಳುಗಿಸಿದವರ ಹಾಗೆ! ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿದ್ದು 2013ರಲ್ಲಿ.

ನನ್ನ ಪಟ್ಟಿಯಲ್ಲಿ ಅಂಥವರು 34 ಜನ. ನಾನು ಅವರ ವಯಸ್ಸು, ಓದು, ಕುಡಿತ ಎಲ್ಲ ಹಾಕಿ ಚೆಂದದ ಟೇಬಲ್ ಮಾಡಿದೆ. ‘ಅರಿವಿನ ಕೊರತೆ’ ಅಂತ ಕೊನೆಯಲ್ಲಿ ಬರೆದೆ. ಮೇಲಿನ ಸಾಹೇಬರು ನೋಡಿ ಶಹಬ್ಬಾಸ್ ಅಂದರು.

ನಮ್ಮ ಸೆಂಟರಿನಲ್ಲಿ ಒಬ್ಬರು ಹಿರಿಯ ಹೆಲ್ತ್ ವಿಸಿಟರ್ ಇದ್ದರು. ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿ ತರುವ ಕೆಲಸ. ಎಲ್ಲರಿಗೂ ಅವರು ‘ಕಾಕಾ’, ಅಂದರೆ ಚಿಕ್ಕಪ್ಪ. ಹನ್ನೆರಡನೇ ಕ್ಲಾಸು ಓದಿದವರು. ನನ್ನ ಟೇಬಲ್ಲನ್ನು ಕನ್ನಡಕ ಏರಿಸಿ ನೋಡಿದರು. ‘ಮ್ಯಾಡಮ್, ಆಧೀ ಚಾಲೂನ್ ಬಘಾ’ ಅಂದರು. ಮೊದಲು ನಡೆದು ನೋಡಿ ಅಂತ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ನನ್ನನ್ನು ಕರೆದುಕೊಂಡು ಹೋದರು.

ಹೋಗಿದ್ದು ಎಲ್ಲಿಗೆ ಅಂತೀರಿ? ಉಡುಪಿ ಹೋಟೆಲಿನ ಅಡುಗೆಮನೆಗೆ. ಪಟ್ಟಿಯಲ್ಲಿದ್ದ ಒಂಬತ್ತು ಜನ ಹೋಟೆಲ್ ಹುಡುಗರು, ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು. ಒಬ್ಬ ಇಡ್ಲಿ ತಟ್ಟೆ ತೊಳೆಯುತ್ತಿದ್ದ. ಇನ್ನೊಬ್ಬ ಚಟ್ನಿಗೆ ಕಾಯಿ ತುರಿಯುತ್ತಿದ್ದ. ಕಾಕಾ ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದರು. ‘ಇವರು ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತಾರೆ? ನಾವು ಎಷ್ಟು ಗಂಟೆಗೆ ತೆರೆಯುತ್ತೇವೆ?’

ನಮ್ಮದು ಒಂಬತ್ತಕ್ಕೆ. ಆ ಹೊತ್ತಿಗೆ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಸಾಲು ನಿಂತಿರುತ್ತದೆ. ಹುಡುಗ ಕಾಯಿಲೆ ಅಂತ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ರಜೆ ಸಿಗುವುದಿಲ್ಲ. ಅರಿವು ಅವನಿಗೆ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ನನಗೆ.

ನಾನು ಮುಂಬೈಯ ಮಾಟುಂಗದಲ್ಲಿ ಬೆಳೆದವಳು. ಅಪ್ಪನೂ ಹೋಟೆಲಿನಲ್ಲೇ ದುಡಿದವರು. ಆದರೂ ನನಗೆ ಇದು ಹೊಳೆಯಲಿಲ್ಲ ನೋಡಿ! ‘ಎಂತ ಮಾರಾಯ, ಉಂಡ್ಯಾ?’ ಅಂತ ನಮ್ಮ ಕಡೆಯ ಮಾತಿನಲ್ಲಿ ಕೇಳಿದ ಮೇಲೆಯೇ ಆ ಹುಡುಗರು ಬಾಯಿ ಬಿಟ್ಟದ್ದು. ಅವರಲ್ಲಿ ಮೂವರು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಕಾಕಾ ಅಲ್ಲಿಯ ಮೇಷ್ಟ್ರನ್ನು ಮಾತಾಡಿಸಿ, ಮೂರೂ ಕೆಂಪು ಡಬ್ಬ ಅವರ ಕಪಾಟಿನಲ್ಲಿ ಇಡಿಸಿದರು. ಹಾಜರಿ ಕರೆದ ಮೇಲೆ ಮಾತ್ರೆ. ಮೂವರೂ ಕೋರ್ಸ್ ಮುಗಿಸಿದರು. ಉಳಿದ ಆರು ಜನರಲ್ಲಿ ಇಬ್ಬರು ಊರಿಗೆ ಹೋಗಿದ್ದವರು ಮತ್ತೆ ಸಿಗಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಮೆಂಟರ್ ಅಂದರೆ ನನಗೆ ಕಾಕಾ. ಅವರು ನನಗೆ ಕ್ಷಯದ ಬಗ್ಗೆ ಏನೂ ಕಲಿಸಲಿಲ್ಲ, ಅದು ಪುಸ್ತಕದಲ್ಲಿತ್ತು. ನಾನು ಕೇಳದೇ ಬಿಟ್ಟ ಪ್ರಶ್ನೆಯನ್ನು ಕೇಳಿದರು. ನಿಮ್ಮ ಗುರುವಾರದ ಕಾಲ್‌ನವರು ಅದನ್ನು ಕೇಳಲಾರರು. ಅವರು ಕೆಟ್ಟವರಲ್ಲ, ಅವರಿಗೆ ಕಾಣುವುದು ನಿಮ್ಮ ಚಾರ್ಟ್ ಮಾತ್ರ.

ಈ ಪಾಠ ಹೊಸದೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ ನಂಬಿದವರು ಆಗ ತುಂಬಾ ಜನ. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ರೋಗಿಗಳನ್ನೇ ಕೇಳಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಇದು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದೇ ಕಾಲದಲ್ಲಿ ಭಾರತದಲ್ಲಿ ಸುಮಾರು ಹತ್ತು ವರ್ಷ ಟಿಬಿ ಕೆಲಸ ಮಾಡಿದ ಡೆನ್ಮಾರ್ಕಿನ ಡಾಕ್ಟರ್ ಹಾಲ್ಫ್‌ಡನ್ ಮಾಲರ್ ಮುಂದೆ 1973ರಿಂದ 1988ರ ತನಕ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಜಿನೀವಾದ ದಾರಿ ತುಮಕೂರಿನ ಕಡೆಯಿಂದಲೂ ಹೋಗುತ್ತದೆ ಅಲ್ವಾ?

ಈಗ ನಿಮ್ಮ ವಿಷಯ. ಟಿಬಿ ರೋಗಿಗಳ ಲೆಕ್ಕ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ನಿಮಗೆ ತಾರೀಖು ಎಲ್ಲ ಇದೆ. ಬಿಟ್ಟವರನ್ನು ತಿಂಗಳ ಪ್ರಕಾರ ಜೋಡಿಸಿ ನೋಡಿ. ಪುಣೆಯ ಕಟ್ಟಡ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟಿದ್ದಾರೆ ನಿಮಗೇ ಗೊತ್ತು. ಬಿತ್ತನೆಗೆ ಹೋದರೋ, ಜಾತ್ರೆಗೆ ಹೋದರೋ, ಸೈಟ್ ಮುಗಿದು ಬೇರೆ ಕಡೆ ಹೋದರೋ? ಹೋದ ಊರಿನ ಕೇಂದ್ರಕ್ಕೆ ಅವರ ಹೆಸರು ವರ್ಗ ಆಗಿದೆಯಾ? ಬೆಳಿಗ್ಗೆ ಏಳಕ್ಕೆ ಮಜೂರ್ ಅಡ್ಡಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗಕ್ಕೆ ಹೋಗಿ ಕನ್ನಡದಲ್ಲಿ ಮಾತಾಡಿಸಿ. ನಿಮ್ಮ ಮೂವರು ಮ್ಯಾನೇಜರ್‌ಗಳಿಗೂ ಇಲ್ಲದ ಸೌಲಭ್ಯ ಅದು. ಒಬ್ಬರೇ ಹೋಗಬೇಡಿ. ಆ ವಾರ್ಡಿನ ಹಳೇ ಹೆಲ್ತ್ ವಿಸಿಟರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆಯಿರಿ, ಚಹಾ ಕೊಡಿಸಿ. ಮೊದಲ ಗುರು ಅಲ್ಲೇ ಸಿಕ್ಕಾರು.

ದೊಡ್ಡವರೂ ಬೇಕು, ಇಲ್ಲ ಅನ್ನುವುದಿಲ್ಲ. ಬರವಣಿಗೆ, ಲೆಕ್ಕ, ಅರ್ಜಿ, ಮುಂದಿನ ಕೆಲಸ, ಇದಕ್ಕೆಲ್ಲ ಕಾಕಾ ಸಾಲರು. ಆದರೆ ‘ನನಗೆ ಮೆಂಟರ್ ಆಗುತ್ತೀರಾ’ ಅಂತ ಬರೆಯಬೇಡಿ. ಅದು ಮೊದಲ ಭೇಟಿಯಲ್ಲೇ ಹೆಣ್ಣು ಕೇಳಿದ ಹಾಗೆ! ನಡೆದು ನೋಡಿ ಬಂದ ಮೇಲೆ ಅರ್ಧ ಪುಟ ಬರೆಯಿರಿ. ಇಷ್ಟು ಜನ ಬಿಟ್ಟರು, ಇಂಥ ತಿಂಗಳು, ನನಗೆ ಎರಡು ಕಾರಣ ಅನಿಸುತ್ತಿದೆ, ಯಾವುದನ್ನು ಮೊದಲು ಪರೀಕ್ಷೆ ಮಾಡಲಿ? ಇಂಥ ಪತ್ರ ಬಂದರೆ ನಾನು ಊಟ ಬಿಟ್ಟಾದರೂ ಉತ್ತರ ಬರೆಯುತ್ತೇನೆ. ಹೊಟ್ಟೆಪಾಡಿನ ಸಲಹೆ ಕೇಳಿದರೆ ಬೇಸರ, ತಲೆಗೆ ಕೆಲಸ ಕೊಟ್ಟರೆ ಖುಷಿ. ಹಿರಿಯರು ಹೆಚ್ಚಿನವರು ಹೀಗೇ.

ಗುರುವನ್ನು ಹುಡುಕುವ ಕಷ್ಟ ತಪ್ಪಿಸುವ ತರಬೇತಿಗಳೂ ಇವೆ. ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯುವುದನ್ನು ಕಲಿಸುವ ಸರ್ಕಾರದ ಇಂಡಿಯಾ ಇಐಎಸ್ 2012ರಿಂದ ನಡೆಯುತ್ತಿದೆ. ಎರಡು ವರ್ಷ, ಕೆಲಸ ಮಾಡುತ್ತಲೇ ಕಲಿಯುವುದು, ಮೇಲೆ ಮಾರ್ಗದರ್ಶಕರು ಇರುತ್ತಾರೆ. ಮುಖ್ಯವಾಗಿ ಡಾಕ್ಟರುಗಳಿಗೆ, ನಿಮಗೆ ಆಗುತ್ತದಾ ಅಂತ ನಿಯಮ ಓದಿಕೊಳ್ಳಿ. ಸಾರ್ಟ್ ಇಟ್ ಅಂತ ಇನ್ನೊಂದು ಇದೆ, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನೆಲೆಯಿರುವ ಟಿಡಿಆರ್ ಎಂಬ ಉಷ್ಣವಲಯದ ರೋಗಗಳ ಸಂಶೋಧನಾ ಕಾರ್ಯಕ್ರಮ ನಡೆಸಿಕೊಡುವುದು. ಕಾರ್ಯಕ್ರಮದ ಲೆಕ್ಕದಿಂದಲೇ ಪ್ರಶ್ನೆ ಹುಟ್ಟಿಸಿ ಲೇಖನ ಬರೆಯುವ ತನಕ ಮೆಂಟರ್‌ಗಳು ಪಕ್ಕದಲ್ಲಿ ಕೂರುತ್ತಾರೆ. ಗಡುವು ತಪ್ಪಿದರೆ ಮುಂದಿನ ಹಂತ ಇಲ್ಲ. ನನಗೆ ಇಷ್ಟವಾಗುವುದು ಆ ಗಡುವೇ.

ಒಂದು ಎಚ್ಚರಿಕೆ. ಆ ಹೋಟೆಲ್ ಹುಡುಗರ ಬಗ್ಗೆ ನಾನು ಬರೆದ ಲೇಖನವನ್ನು ಒಬ್ಬ ಹಿರಿಯರು ‘ನೋಡಿಕೊಡುತ್ತೇನೆ’ ಅಂತ ತೆಗೆದುಕೊಂಡರು. ಏಳು ತಿಂಗಳು ಸುದ್ದಿಯಿಲ್ಲ. ಆಮೇಲೆ ಅಚ್ಚಾಗಿ ಬಂತು. ನನ್ನ ಹೆಸರು ಐದನೆಯದು. ಕಾಕಾನ ಹೆಸರಿಗೆ ಕೊನೆಯ ಸಾಲಿನ ಕೃತಜ್ಞತೆಯೂ ಇರಲಿಲ್ಲ. ಆ ಹಿರಿಯರನ್ನೂ ನಾನು ಗುರು ಅಂತಲೇ ನಂಬಿದ್ದೆ. ವೈದ್ಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ನಿಜವಾದ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಬರೆದದ್ದಕ್ಕೆ ಹೊಣೆ. ನಾಲ್ಕೂ ಇರಬೇಕು. ಯಾರ ಹೆಸರು ಎಲ್ಲಿ ಅಂತ ಮೊದಲೇ ಕೇಳಿ, ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಒಳ್ಳೆಯದೇ ಆಯಿತು, ಬೇಗ ಗೊತ್ತಾಯಿತು.

ಪ್ರಶ್ನೆ: ಮಗಳು ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿದ್ದಾಳೆ. ‘ಗ್ಲೋಬಲ್ ಹೆಲ್ತ್ ಮಾಡಬೇಕು, ಒಳ್ಳೆ ಗೈಡ್ ಬೇಕಾದರೆ ವಿದೇಶಕ್ಕೇ ಹೋಗಬೇಕು’ ಅನ್ನುತ್ತಾಳೆ. ಸಾಲ ಮಾಡಿ ಕಳಿಸಲಾ ಅಕ್ಕ?
– ಒಬ್ಬ ತಾಯಿ, ವಾಸ್ಕೊ

ಉತ್ತರ: ಈಗಲೇ ಬೇಡ. ಅಂಥ ಕೆಲಸ ನಮ್ಮ ಪಕ್ಕದಲ್ಲೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಆ ವೈರಸ್ ಗುರುತಿಸಿದ್ದು ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು. 1952ರಲ್ಲಿ ರಾಕ್‌ಫೆಲರ್ ಫೌಂಡೇಶನ್ ಸಹಾಯದಿಂದ ಶುರುವಾದ ಅದೇ ಇಂದಿನ ಎನ್‌ಐವಿ, ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗನ ಕಾಯಿಲೆ 2015ರಲ್ಲಿ ನಿಮ್ಮ ಗೋವಾದ ಸತ್ತರಿ ತಾಲ್ಲೂಕಿನಲ್ಲೂ ಕಾಣಿಸಿತು. ಮಗಳ ಕಾಲೇಜಿನಿಂದ ಗಾಡಿಯಲ್ಲಿ ಹೋಗಿ ಸಂಜೆಗೆ ಮನೆಗೆ ಬರುವಷ್ಟು ಹತ್ತಿರ! ಪುಣೆಯಲ್ಲೋ ಮುಂಬೈಯಲ್ಲೋ ಎರಡು ವರ್ಷ ಒಬ್ಬ ಒಳ್ಳೆಯ ಗೈಡ್ ಕೈಕೆಳಗೆ ಕೆಲಸ ಮಾಡಲಿ. ಆಮೇಲೆ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದರೆ ಆ ಗೈಡ್ ಬರೆದುಕೊಡುವ ಪತ್ರಕ್ಕೆ ತೂಕ ಇರುತ್ತದೆ. ಸಾಲದ ಮಾತು ಆಮೇಲೆ.

ಪ್ರಶ್ನೆ: ಮೆಂಟರ್‌ಗೆ ಕನ್ನಡದಲ್ಲಿ ಏನನ್ನಬೇಕು?
– ನಿವೃತ್ತ ಶಿಕ್ಷಕ, ಡೊಂಬಿವಲಿ

ಉತ್ತರ: ‘ಮಾರ್ಗದರ್ಶಕ’ ಅಂದರೆ ಸನ್ಮಾನದ ಶಾಲಿನ ವಾಸನೆ. ‘ಗುರು’ ಅಂದರೆ ಕಾಲಿಗೆ ಬೀಳಬೇಕು. ನಮ್ಮ ಮನೆಯಲ್ಲಿ ‘ಕಾಕಾ’ ಅನ್ನುತ್ತೇವೆ. ನನ್ನ ಮಗನ ಆಫೀಸಿನಲ್ಲಿ ಒಬ್ಬ ಮಹಿಳೆ ಇದ್ದಾರೆ, ಅವನು ಫೋನಿನಲ್ಲಿ ‘ಇವತ್ತು ನಮ್ಮ ಕಾಕಾ ಬೈದರು’ ಅನ್ನುತ್ತಾನೆ, ಆ ಮಹಿಳೆಗೆ 38 ವರ್ಷ.