ಒನಿಗಿರಿ ಕೈತುತ್ತಲ್ಲ: ಹೊಸ ಬರಹಗಾರರೊಬ್ಬರಿಗೆ ಉತ್ತರ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ 'ಗೆಳೆತನದ ಆಚೆ ದಡ' ಪ್ರಬಂಧವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಎರಡು ಪುಟ ಹೊಗಳಿ ಕೊನೆಯ ಸಾಲಿನಲ್ಲಿ ಕೈಬಿಡುವ ಪತ್ರಗಳು ನನಗೂ ಬಂದಿದ್ದವು, ಅವು ಎಷ್ಟು ನೋಯಿಸುತ್ತವೆ ಎಂದು ಗೊತ್ತಿದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ನಿಮ್ಮ ಬರಹ ಪಕ್ಕಕ್ಕೆ ಎತ್ತಿಡುವಂಥದ್ದೂ ಅಲ್ಲ. ಅದರೊಳಗೆ ಒಂದು ಒಳ್ಳೆಯ ಪ್ರಬಂಧ ಅಡಗಿ ಕುಳಿತಿದೆ.

ನೀವು ಬರೆದಿರುವುದು 2023ರ ಏಪ್ರಿಲ್‌ನಲ್ಲಿ ಬಿಎಸ್-ಟಿಬಿಎಸ್ ವಾಹಿನಿಯಲ್ಲಿ ಆರಂಭವಾದ 'ಬೊಕುರ ನೊ ಶೊಕುತಕು' ಎಂಬ ಹತ್ತು ಕಂತುಗಳ ಜಪಾನಿ ಧಾರಾವಾಹಿಯ ಬಗ್ಗೆ. 'ನಮ್ಮ ಊಟದ ಮೇಜು' ಎಂದು ಹೆಸರಿನ ಅರ್ಥ. ನಾಲ್ಕು ಜನರ ಜೊತೆ ಕುಳಿತು ಉಣ್ಣಲಾಗದ ಕಚೇರಿ ನೌಕರ ಯುತಾಕ, ಪಾರ್ಕಿನಲ್ಲಿ ಎದುರಾಗುವ ಮಿನೊರು, ಅವನ ನಾಲ್ಕು ವರ್ಷದ ತಮ್ಮ ತಾನೆ. ಒನಿಗಿರಿ, ಅಂದರೆ ಕೈಯಲ್ಲಿ ಒತ್ತಿ ಕಟ್ಟುವ ಅನ್ನದ ಉಂಡೆ, ಮಾಡುವುದನ್ನು ಕಲಿಸಿಕೊಡಿ ಎಂಬ ಕೋರಿಕೆಯಿಂದ ಹುಟ್ಟಿದ ಗೆಳೆತನ ಮೆಲ್ಲಗೆ ಇಬ್ಬರು ಗಂಡಸರ ನಡುವಿನ ಪ್ರೀತಿಯಾಗುತ್ತದೆ. ಇಷ್ಟು ಕಥೆ. ಇದಕ್ಕೆ ನೀವು ಹಾಕಿರುವ ಪೀಠಿಕೆಯೇ ಮೂರು ಪ್ಯಾರಾ: ಪ್ರೀತಿಗೆ ಲಿಂಗವಿಲ್ಲ, ಭಾಷೆಯಿಲ್ಲ, ಗಡಿಯಿಲ್ಲ. ಆ ಮೂರೂ ಪ್ಯಾರಾಗಳನ್ನು ತೆಗೆದುಹಾಕಿ. ಅವು ಸುಳ್ಳೆಂದು ಹೇಳುತ್ತಿಲ್ಲ. ಧಾರಾವಾಹಿಯ ಒಂದು ದೃಶ್ಯವನ್ನೂ ನೋಡದವರು ಸಹ ಅವನ್ನು ಬರೆಯಬಲ್ಲರು, ನೀವೋ ಹತ್ತೂ ಕಂತು ನೋಡಿದವರು.

ನಾಲ್ಕನೇ ಪ್ಯಾರಾದಲ್ಲಿ 'ಜಪಾನೀಯರ ರಕ್ತದಲ್ಲಿಯೇ ಇರುವ ತಾಳ್ಮೆ ಈ ನಿಧಾನಗತಿಗೆ ಕಾರಣ' ಎಂದಿದ್ದೀರಿ. ಇದನ್ನು ಒಪ್ಪಲಾರೆ. ಅದೇ ದೇಶದಲ್ಲಿ 2018ರಲ್ಲಿ ಟಿವಿ ಅಸಾಹಿ ಪ್ರಸಾರ ಮಾಡಿದ 'ಒಸ್ಸಾನ್ಸ್ ಲವ್' ಕೂಡ ಗಂಡಸರ ನಡುವಿನ ಪ್ರೇಮಕಥೆಯೇ. ಅದರ ತುಂಬ ಕೂಗಾಟ, ಓಡಾಟ, ನಗೆ. ರಕ್ತದಲ್ಲಿ ತಾಳ್ಮೆ ಇದ್ದಿದ್ದರೆ ಅಲ್ಲೂ ಕಾಣಬೇಕಿತ್ತಲ್ಲವೇ? ಈ ಧಾರಾವಾಹಿಯ ನಿಧಾನಕ್ಕೆ ಕೈಗೆಟಕುವ ಕಾರಣಗಳಿವೆ. ಮೂಲ ಕೃತಿ ಮಿತಾ ಒರಿ ಅವರ ಒಂದೇ ಸಂಪುಟದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಒಂದು ತೆಳು ಪುಸ್ತಕವನ್ನು ಹತ್ತು ಕಂತಿಗೆ ಹರಡುವಾಗ ಹೊಸ ಘಟನೆಗಳನ್ನು ತುರುಕುವುದು ಒಂದು ದಾರಿ, ಇದ್ದ ಘಟನೆಗಳಲ್ಲಿಯೇ ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಇನ್ನೊಂದು. ಇವರು ಎರಡನೆಯದನ್ನು ಆರಿಸಿಕೊಂಡರು. ಅದಕ್ಕಿಂತ ದೊಡ್ಡ ಕಾರಣ ಕಥೆಯ ಹೊಟ್ಟೆಯಲ್ಲೇ ಇದೆ. ಮೊದಲ ಕಂತುಗಳಲ್ಲಿ ನಾವು ಉಸಿರು ಹಿಡಿದು ಕಾಯುವುದು ಯುತಾಕ ಪ್ರೀತಿಯನ್ನು ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂದಲ್ಲ, ಇನ್ನೊಬ್ಬರ ಎದುರಿಗೆ ಅನ್ನವನ್ನು ಬಾಯಿಗೆ ಇಟ್ಟುಕೊಳ್ಳುತ್ತಾನೋ ಇಲ್ಲವೋ ಎಂದು. ಅಗಿಯುವುದಕ್ಕೂ ನುಂಗುವುದಕ್ಕೂ ಹೊತ್ತು ಬೇಕು. ಅದನ್ನು ಓಡಿಸಿ ತೋರಿಸಲಾಗದು.

'ನಿಧಾನ' ಎಂಬ ಪದವನ್ನು ನೀವು ಹದಿನಾಲ್ಕು ಸಲ ಬಳಸಿದ್ದೀರಿ. ಒಂದು ಊಟವನ್ನೂ ತೋರಿಸಿಲ್ಲ. ಒಂದೇ ಒಂದು ಊಟವನ್ನು ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಬರೆಯಿರಿ, ಆ ಪದ ಬೇಕಾಗುವುದೇ ಇಲ್ಲ.

ಈಗ ನನ್ನ ಮುಖ್ಯ ತಕರಾರು. 'ಒನಿಗಿರಿ ಎಂದರೆ ಜಪಾನಿನ ಕೈತುತ್ತು' ಎಂದು ಬರೆದಿದ್ದೀರಿ. ಓದಲು ಚೆಂದವಾಗಿದೆ, ಮೊದಲ ಓದಿನಲ್ಲಿ ನಾನೂ ತಲೆದೂಗಿದೆ. ಎರಡನೇ ಓದಿನಲ್ಲಿ ನಿಂತೆ. ಕೈತುತ್ತು ಕೊಡಲು ಒಬ್ಬರು ಎದುರಿಗೆ ಕುಳಿತಿರಬೇಕು. ಸುತ್ತ ಕುಳಿತವರ ಅಂಗೈಗೆ ಸರದಿಯಂತೆ ಬೀಳುವ ಅನ್ನ ಅದು. ಒನಿಗಿರಿಯ ಹುಟ್ಟೇ ಬೇರೆ. ಬಿಸಿ ಅನ್ನ, ಒದ್ದೆ ಕೈ, ಅಂಗೈಗೆ ಸವರಿದ ಉಪ್ಪು, ನಡುವೆ ಉಪ್ಪಿನಲ್ಲಿ ಹಾಕಿಟ್ಟ ಉಮೆ ಹಣ್ಣೋ ಮೀನೋ. ಅಗುಳು ನಜ್ಜಾಗದಂತೆ, ಉದುರಿಯೂ ಹೋಗದಂತೆ ಮೂರು ಮೂಲೆ ಒತ್ತಿ ಕಡಲಪಾಚಿಯ ಹಾಳೆ ಸುತ್ತುತ್ತಾರೆ. ಮಾಡಿದವರು ಮನೆಯಲ್ಲಿದ್ದರೂ ಉಣ್ಣುವವರು ರೈಲಿನಲ್ಲೋ ಕಚೇರಿಯಲ್ಲೋ ಪಾರ್ಕಿನ ಬೆಂಚಿನ ಮೇಲೋ ಒಬ್ಬರೇ ಉಣ್ಣಬಹುದು. ತಟ್ಟೆ ಬೇಡ, ಮೇಜು ಬೇಡ, ಜೊತೆ ಬೇಡ. ನಮ್ಮಲ್ಲಿ ಅದಕ್ಕೆ ಹತ್ತಿರದ ಪದ ಬುತ್ತಿ.

ಹೀಗೆ ನೋಡಿದರೆ ಪಾರ್ಕಿನ ಆ ಭೇಟಿಗೆ ಬೇರೆಯೇ ಬೆಳಕು ಬೀಳುತ್ತದೆ. ಯಾರೊಂದಿಗೂ ಉಣ್ಣಲಾಗದವನು ಒಬ್ಬನೇ ಉಣ್ಣುವುದಕ್ಕೆಂದು ಕಟ್ಟಿಕೊಂಡ ಬುತ್ತಿ ಒಂದು ಮಗುವಿನ ಕೈ ಸೇರುತ್ತದೆ. ಅದಕ್ಕೆ ಅವನ ಕಷ್ಟ ಗೊತ್ತಿಲ್ಲ. ಅದಕ್ಕೆ ಹಸಿವೆ, ರುಚಿ, ಇನ್ನೂ ಬೇಕು ಎಂಬುದು ಇಷ್ಟೇ ಗೊತ್ತು. ಒಂಟಿತನಕ್ಕೆಂದೇ ಮಾಡಿದ ಅನ್ನ ಹಂಚಿಹೋದ ಆ ಗಳಿಗೆಯಲ್ಲಿ ಕಥೆಯ ಬೀಜ ಬಿತ್ತು. ಬೀಜ ಎಂದಾಗ ನೆನಪಾಯಿತು: 'ತಾನೆ' ಎಂದರೆ ಜಪಾನಿಯಲ್ಲಿ ಬೀಜ. 'ಮಿನೊರು' ಎಂದರೆ ಫಲ ಬಿಡುವುದು, 'ಯುತಾಕ' ಎಂದರೆ ಸಮೃದ್ಧ. ಅಣ್ಣತಮ್ಮಂದಿರ ಮನೆತನದ ಹೆಸರು 'ಉಎದ', ಅದರೊಳಗೂ ಗದ್ದೆಯಿದೆ. ಅನ್ನದ ಕಥೆಗೆ ಎಂಥ ಹೆಸರುಗಳು ನೋಡಿ! ಇದನ್ನು ನಿಮ್ಮ ಓದುಗರಿಗೆ ಹೇಳದೆ ಬಿಡಬೇಡಿ. (ಸಣ್ಣ ಸೂಚನೆ: 'ತಾನೆ ಉಂಡ' ಎಂದು ಬರೆದರೆ ಕನ್ನಡದ ಓದುಗರು ತಪ್ಪಾಗಿ ಓದುತ್ತಾರೆ. 'ಪುಟ್ಟ ತಾನೆ' ಎನ್ನಿ.)

ಕೈತುತ್ತಿನ ಹೋಲಿಕೆಯಿಂದಾಗಿ ನೀವು ಕಳೆದುಕೊಂಡದ್ದು ಇನ್ನೂ ಒಂದಿದೆ. ತಂದೆತಾಯಿ ತೀರಿಕೊಂಡ ಮೇಲೆ ಯುತಾಕ ಬೇರೊಂದು ಮನೆಗೆ ದತ್ತು ಹೋದವನು. ಕಾಗದದ ಮೇಲೆ ಆ ಮನೆಯ ಮಗ, ಊಟದ ಹೊತ್ತಿಗೆ ಮಾತ್ರ ಹೊರಗಿನವನು. ಅವನ ಗಂಟಲು ಕಟ್ಟಿದ್ದು ಅಲ್ಲಿ. ತಾಯಿಯಿಲ್ಲದ ಮಿನೊರುವಿನ ಮನೆಯಲ್ಲಿ ಅವನಿಗೆ ಯಾವ ಕಾಗದವೂ ಇಲ್ಲ, ಆದರೂ ಉಣ್ಣುತ್ತಾನೆ.

ಇದರ ಪಕ್ಕದಲ್ಲಿ ನಿಮ್ಮ ಆರನೇ ಪ್ಯಾರಾ ಇಟ್ಟು ನೋಡಿ: 'ಸಲಿಂಗ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಇರುವ ಜಪಾನಿನಲ್ಲಿ ಇಂಥ ಕಥೆ ಸಹಜ.' ಅಂಥ ಒಪ್ಪಿಗೆ ಅಲ್ಲಿಲ್ಲ. 2015ರ ನವೆಂಬರ್‌ನಲ್ಲಿ ಟೋಕಿಯೊದ ಶಿಬುಯಾ ಮತ್ತು ಸೆತಗಾಯಾ ವಾರ್ಡ್‌ಗಳು ಸಲಿಂಗ ಜೋಡಿಗಳಿಗೆ ಸಂಗಾತಿ ಪ್ರಮಾಣಪತ್ರ ಕೊಡಲಾರಂಭಿಸಿದವು. ಆಮೇಲೆ ಬೇರೆ ಊರುಗಳೂ ಅದೇ ಹಾದಿ ಹಿಡಿದವು, ಆದರೆ ಆ ಪತ್ರ ಮದುವೆಗೆ ಸಮನಲ್ಲ. 2024ರ ಮಾರ್ಚ್‌ನಲ್ಲಿ ಸಪ್ಪೊರೊ ಹೈಕೋರ್ಟ್ ಮದುವೆಯ ಅವಕಾಶ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟರಿಂದ ಕಾನೂನು ಬದಲಾಗಲಿಲ್ಲ. ಈ ವಿಷಯದಲ್ಲಿ ಜಪಾನ್ ನಮಗಿಂತ ಬಹಳ ಮುಂದಿದೆ ಎಂಬ ನಿಮ್ಮ ಮಾತೂ ನಿಲ್ಲುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಎರಡೂ ಕಡೆ ಜೋಡಿಗಳು ಕಾಯುತ್ತಿವೆ. ಜಪಾನಿನಲ್ಲಿ ಕೆಲವು ಸಲಿಂಗ ಜೋಡಿಗಳು ಕುಟುಂಬವೆನ್ನಿಸಿಕೊಳ್ಳಲು ಹಿಡಿದ ದಾರಿ ಯಾವುದು ಗೊತ್ತೇ? ವಯಸ್ಕರ ದತ್ತು. ಇಬ್ಬರಲ್ಲಿ ಹಿರಿಯರು ಕಿರಿಯರನ್ನು ದತ್ತು ತೆಗೆದುಕೊಳ್ಳುತ್ತಾರೆ. ದತ್ತಿನಿಂದಲೇ ಗಾಯಗೊಂಡ ಯುತಾಕನನ್ನು ಈ ಸಂಗತಿಯ ಬೆಳಕಿನಲ್ಲಿ ನೋಡಿ. ನನಗಂತೂ ಎದೆ ಭಾರವಾಯಿತು. ಈ ಧಾರಾವಾಹಿ ಕಾನೂನಿನ ಮಾತನ್ನು ಹೇಳಲು ಹೊರಟಿದ್ದಲ್ಲ, ಸರಿ. ಆದರೆ ಕುಟುಂಬ ಯಾವುದರಿಂದ ಆಗುತ್ತದೆ ಎಂದು ಅದು ಕೇಳುತ್ತಲೇ ಇರುತ್ತದೆ. ನಿಮ್ಮ ಪ್ರಬಂಧ ಆ ಪ್ರಶ್ನೆಯ ಹತ್ತಿರ ಹೋಗಿ, ತಟ್ಟದೆ ಹಿಂದಿರುಗಿದೆ.

ಇನ್ನು ಭಾಷೆ. 'ಇಲ್ಲಿಗೆ ಗೆಳೆತನ ಮುಗಿದು ಪ್ರೀತಿ ಆರಂಭವಾಗುತ್ತದೆ' ಎಂದು ಗೆರೆ ಎಳೆದಿದ್ದೀರಿ. ಗೆಳೆತನ ಮುಗಿಯುವುದಿಲ್ಲ, ಅದರ ಮೇಲೆಯೇ ಇನ್ನೊಂದು ಚಿಗುರುತ್ತದೆ. ಇಂಥ ಕಡೆ ಜಪಾನಿಯಲ್ಲಿ ಬರುವ ಪದ 'ಸುಕಿ'. ಇಂಗ್ಲಿಷ್ ಅಡಿಬರಹ ಅದನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಮಾಡುತ್ತದೆ, ನೀವು ಆ ಅಡಿಬರಹವನ್ನು ನಂಬಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂದು ಬರೆದಿದ್ದೀರಿ. ಮಗು ಮೊಟ್ಟೆಯ ಪಲ್ಯ ಇಷ್ಟ ಎನ್ನುವಾಗಲೂ ಅದೇ 'ಸುಕಿ', ಎದೆ ಒಡೆದುಕೊಂಡು ಹೇಳುವಾಗಲೂ ಅದೇ. ನಮ್ಮಲ್ಲಿ 'ಇಷ್ಟ' ಇದೆಯಲ್ಲ! ದೋಸೆಯೂ ಇಷ್ಟ, ನೀನೂ ಇಷ್ಟ. ಇಂಗ್ಲಿಷಿಗೆ ಕಷ್ಟವಾದದ್ದು ಕನ್ನಡಕ್ಕೆ ಸುಲಭ, ಆ ಅನುಕೂಲವನ್ನು ಬಿಟ್ಟುಕೊಡಬೇಡಿ.

'ಕನ್ನಡದಲ್ಲಿ ಈ ವಸ್ತುವನ್ನು ಯಾರೂ ಮುಟ್ಟಿಲ್ಲ' ಎಂಬ ಸಾಲನ್ನು ಅಳಿಸಿ. ವಸುಧೇಂದ್ರ ಅವರ ಕಥಾಸಂಕಲನ 'ಮೋಹನಸ್ವಾಮಿ' 2013ರಲ್ಲಿಯೇ ಬಂದಿದೆ. ಓದಿಲ್ಲದಿದ್ದರೆ ಓದಿ. 'ಇಬ್ಬರೂ ನೋಡಲು ಮಾಮೂಲಿ ಗಂಡಸರಂತೆಯೇ ಇದ್ದಾರೆ' ಎಂಬುದನ್ನೂ ತೆಗೆಯಿರಿ. ಹಾಗೆ ಕಾಣದವರು ಪ್ರೀತಿಗೆ ಕಡಿಮೆ ಅರ್ಹರು ಎಂಬ ಅರ್ಥ ಅದರಲ್ಲಿ ನುಸುಳಿದೆ, ನಿಮ್ಮ ಮನಸ್ಸಿನಲ್ಲಿ ಅದು ಇರಲಾರದು ಎಂದು ನಂಬಿದ್ದೇನೆ. 'ನಾನು ಅಂಥವರಲ್ಲಿ ಒಬ್ಬರಲ್ಲದಿದ್ದರೂ' ಎಂಬ ಸಮಜಾಯಿಷಿಯೂ ಬೇಡ. ನೀವು ಯಾರು ಎಂದು ಓದುಗರೂ ಕೇಳಿಲ್ಲ, ನಾನೂ ಕೇಳುವುದಿಲ್ಲ.

ನಾನು ಕೇಳುವುದು ಬೇರೆ. ಒಂಬತ್ತನೇ ಪ್ಯಾರಾದ ನಡುವೆ, ಹೇಳಿಯೂ ಹೇಳದಂತೆ ಒಂದು ವಾಕ್ಯ ಬರೆದಿದ್ದೀರಿ: 'ಆ ಕಂತು ಮುಗಿದ ಮೇಲೆ ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಪಿಜಿಯ ಊಟದ ಕೋಣೆಗೆ ಇಳಿದೆ, ಆರು ತಿಂಗಳಲ್ಲಿ ಮೊದಲ ಸಲ ಎಲ್ಲರ ಜೊತೆ ಕುಳಿತೆ.' ಮೂರು ಸಲ ಓದಿದಾಗಲೂ ಅಲ್ಲಿ ನಿಂತೆ. ಬೆಂಗಳೂರಿನ ಪಿಜಿಯಲ್ಲಿ ತಟ್ಟೆಯನ್ನು ಕೋಣೆಗೆ ಒಯ್ದು, ಮೊಬೈಲನ್ನು ಲೋಟಕ್ಕೆ ಒರಗಿಸಿ ಉಣ್ಣುವವರು ಎಷ್ಟೋ ಜನ. ಯುತಾಕ ಅವರಿಗೆ ದೂರದವನಲ್ಲ. ಪ್ರಬಂಧ ಈ ವಾಕ್ಯದಿಂದ ಆರಂಭವಾಗಲಿ. ಆರು ತಿಂಗಳು ಏಕೆ ಇಳಿಯಲಿಲ್ಲ? ಆ ರಾತ್ರಿ ತಟ್ಟೆಯಲ್ಲಿ ಏನಿತ್ತು? ಪಕ್ಕದವರು ಸ್ವಲ್ಪ ಸರಿದು ಜಾಗ ಕೊಟ್ಟರೇ, ಏನಾದರೂ ಮಾತಾಡಿದರೇ?

ಒಂಬೈನೂರು ಪದ ಸಾಕು. ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿ, ಎರಡು ಪುಟ ಖಾಲಿ ಇಟ್ಟುಕೊಂಡಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ