ತಿಥಿಯೂ ತಾರೀಖೂ ಒಟ್ಟಿಗೆ ಬರುವ ವರ್ಷ

ಮುಂದಿನ ವಾರ 38 ತುಂಬುತ್ತದೆ, ಈ ವರ್ಷ ನಾನು ಬೆಳೆದೆನಾ ಅಂತ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ. ಮೊದಲು ಪಂಚಾಂಗ ತೆಗೆದು ನೋಡಿ. 19 ವರ್ಷಕ್ಕೊಮ್ಮೆ ಹುಟ್ಟಿದ ತಿಥಿ, ತಾರೀಖು ಹೆಚ್ಚೂಕಮ್ಮಿ ಒಂದೇ ದಿನಕ್ಕೆ ಬರುತ್ತವೆ. ನಿಮಗೆ ಇದು ಎರಡನೇ ಸಲ. ಹಾಗಾಗಿ 19ರಲ್ಲಿ ಹೇಗಿದ್ದಿರಿ ಅಂತಲೂ ಸ್ವಲ್ಪ ನೆನಪಿಸಿಕೊಳ್ಳಿ.

ನಾನು ಕಳೆದ ಹುಟ್ಟುಹಬ್ಬದ ದಿನ ಅಮ್ಮನಿಗೆ ವರ್ಷವಿಡೀ ಕಳಿಸಿದ ಮೆಸೇಜ್‌ಗಳನ್ನು ಕೂತು ಓದಿದೆ. "ಆಮೇಲೆ ಮಾಡ್ತೀನಿ", "ಮೀಟಿಂಗಲ್ಲಿದೀನಿ". ಬರೀ ಇವೇ. ಗಂಟಲು ಕಟ್ಟಿತು. ಅವತ್ತಿಂದ ರಾತ್ರಿ ಊಟ ಆದಮೇಲೆ ಹತ್ತು ನಿಮಿಷ ಫೋನ್ ಮಾಡುತ್ತೇನೆ. ಮೊದಮೊದಲು "ಏನಾಯ್ತೋ?" ಅಂತ ಗಾಬರಿಯಾಗುತ್ತಿದ್ದಳು. ಈಗ ಮಂಡಿ ನೋವನ್ನೂ ಮುಚ್ಚಿಡದೆ ಹೇಳುತ್ತಾಳೆ. ನನ್ನ ಮಟ್ಟಿಗೆ ಈ ವರ್ಷದ ಬೆಳವಣಿಗೆ ಅದೇ.

ನೀವೂ ಹಳೇ ಮೆಸೇಜ್‌ಗಳನ್ನು ಒಮ್ಮೆ ತೆರೆದು ನೋಡಿ. ಹುಟ್ಟುಹಬ್ಬದ ಶುಭಾಶಯ!